ಕಪ್ಪೆಯ ಊಸೈಟ್‌ನಲ್ಲಿ ಒಂದು ಪ್ರೋಟೀನ್ ನಿಲ್ಲಿಸಬೇಕೇ? ಆಂಟಿಸೆನ್ಸ್ ಆರ್‌ಎನ್‌ಎ, ಡಿಎನ್‌ಎ ಆಲಿಗೊ, ಮಾರ್ಫೋಲಿನೊ: ಯಾವುದು ಯಾವಾಗ

"ಸರ್, ಆಂಟಿಸೆನ್ಸ್ ಆರ್‌ಎನ್‌ಎ ನಾನೇ ಮಾಡ್ಕೊಳ್ಳಲಾ, ಇಲ್ಲ ಮಾರ್ಫೋಲಿನೊ ತರಿಸೋಣ್ವಾ?"

ಕಪ್ಪೆ ಲ್ಯಾಬಿಗೆ ಹೊಸದಾಗಿ ಸೇರಿದವರು ಮೊದಲ ತಿಂಗಳಲ್ಲೇ ಕೇಳುವ ಪ್ರಶ್ನೆ ಇದು. ಪ್ರೋಟೀನ್ ಮಾಡಲು ಕೋಶ ಓದುವ ಜೀನ್‌ನ ನಕಲೇ ಎಂಆರ್‌ಎನ್‌ಎ; ಅದಕ್ಕೆ ಅಂಟಿಕೊಂಡು ಆ ಪ್ರೋಟೀನ್ ತಯಾರಿ ತಡೆಯುವ ಎಳೆಗಳು ಇವು. ನಾನು ಉತ್ತರ ಕೊಡುವ ಮುಂಚೆ ಎರಡು ಪ್ರಶ್ನೆ ವಾಪಸ್ ಕೇಳುತ್ತೇನೆ. ಒಂದು, ನೀವು ಚುಚ್ಚುವುದು ಊಸೈಟ್‌ಗೋ, ಮೊಟ್ಟೆಗೋ? ಎರಡು, ನಿಮಗೆ ಬೇಡವಾದ ಪ್ರೋಟೀನ್ ಈಗಾಗಲೇ ಒಳಗೆ ತುಂಬಿದೆಯೋ, ಇಲ್ಲ ಇನ್ನು ಮೇಲೆ ತಯಾರಾಗಬೇಕೋ? ಇವೆರಡು ಗೊತ್ತಾದರೆ ಆಯ್ಕೆ ಮುಕ್ಕಾಲು ಪಾಲು ಮುಗಿದ ಹಾಗೆ. ಬೆಲೆ, ಆರ್ಡರ್, ಎಷ್ಟು ದಿನ ಕಾಯಬೇಕು, ಇದೆಲ್ಲ ಆಮೇಲಿನ ಮಾತು.

ಊಸೈಟ್ ಬೇರೆ, ಮೊಟ್ಟೆ ಬೇರೆ

ನಾವು ಮಾತಾಡುತ್ತಿರುವುದು ಜೆನೋಪಸ್ ಲೇವಿಸ್ ಬಗ್ಗೆ. ಆಫ್ರಿಕಾದ ದಕ್ಷಿಣ ಭಾಗದ ಉಗುರುಗಪ್ಪೆ. ಒಂದು ಕಾಲದಲ್ಲಿ ಹೆಂಗಸರು ಬಸುರಿಯೋ ಅಲ್ಲವೋ ಅಂತ ನೋಡಲು ಮೂತ್ರವನ್ನು ಇದೇ ಕಪ್ಪೆಗೆ ಚುಚ್ಚುತ್ತಿದ್ದರು. ಮಾರನೆಯ ದಿನದೊಳಗೆ ಕಪ್ಪೆ ಮೊಟ್ಟೆ ಇಟ್ಟರೆ ಬಸುರಿ ಎಂದರ್ಥ. ಪ್ರಪಂಚದ ಲ್ಯಾಬುಗಳಿಗೆಲ್ಲ ಈ ಕಪ್ಪೆ ಹಬ್ಬಿದ್ದಕ್ಕೆ ಅದೂ ಒಂದು ಕಾರಣ.

ಇದರ ಅಂಡಾಶಯದಲ್ಲಿ ಬಲಿಯುತ್ತಿರುವ ಅಂಡಾಣುವೇ ಊಸೈಟ್. ಬಲಿಯುವುದನ್ನು 1ರಿಂದ 6 ಹಂತಗಳಾಗಿ ಲೆಕ್ಕ ಹಾಕುತ್ತಾರೆ. ನಮಗೆ ಬೇಕಾದದ್ದು 6ನೇ ಹಂತದ್ದು. ಅಡ್ಡಳತೆ ಸುಮಾರು 1.2 ಮಿಲಿಮೀಟರ್, ಹೆಚ್ಚುಕಡಿಮೆ ಒಂದು ರಾಗಿ ಕಾಳಷ್ಟು. ಅರ್ಧ ಭಾಗ ಕಡು ಕಂದು, ಅರ್ಧ ಭಾಗ ಕೆನೆ ಬಣ್ಣ, ನಡುವೆ ಸೊಂಟಕ್ಕೆ ದಾರ ಕಟ್ಟಿದಂತೆ ಒಂದು ಬಿಳಿ ಪಟ್ಟಿ. ಒಂದೇ ಜೀವಕೋಶ, ಆದರೂ ಬರಿಗಣ್ಣಿಗೆ ಕಾಣುತ್ತದೆ. ಕಂದು ಭಾಗದ ಒಳಗೆ ದೊಡ್ಡ ನ್ಯೂಕ್ಲಿಯಸ್ ಇರುತ್ತದೆ. ಹಳಬರು ಇವತ್ತಿಗೂ ಅದನ್ನು ಜರ್ಮಿನಲ್ ವೆಸಿಕಲ್ ಎಂದೇ ಕರೆಯುತ್ತಾರೆ.

ಊಸೈಟ್‌ಗೆ ಪ್ರೊಜೆಸ್ಟೆರಾನ್ ಹಾರ್ಮೋನ್ ಹಾಕಿದರೆ ಕೆಲವು ಗಂಟೆಗಳಲ್ಲಿ ಕಂದು ತುದಿಯಲ್ಲಿ ಒಂದು ಬಿಳಿ ಚುಕ್ಕೆ ಮೂಡುತ್ತದೆ. ನ್ಯೂಕ್ಲಿಯಸ್‌ನ ಪೊರೆ ಒಡೆದು, ಒಳಗಿದ್ದದ್ದೆಲ್ಲ ಹೊರಗಿನ ಕೋಶರಸಕ್ಕೆ ಚೆಲ್ಲಿದೆ ಎಂದು ಅದರ ಅರ್ಥ. ಅಲ್ಲಿಂದ ಮುಂದೆ ಅದು ಊಸೈಟ್ ಅಲ್ಲ, ಮೊಟ್ಟೆ. ಈ ಬಿಳಿ ಚುಕ್ಕೆಯನ್ನು ನೆನಪಿಡಿ. ಆಂಟಿಸೆನ್ಸ್ ಆರ್‌ಎನ್‌ಎ ಕೆಲಸ ಮಾಡುತ್ತದೋ ಇಲ್ಲವೋ ಅನ್ನುವುದು ಬಹುಪಾಲು ಈ ಚುಕ್ಕೆಯ ಆಚೆ ಈಚೆ ನಿಂತಿದೆ.

ಆಂಟಿಸೆನ್ಸ್ ಆರ್‌ಎನ್‌ಎ: ಅಗ್ಗ, ಆದರೆ ಜಾಗ ನೋಡಿ

1971ರಲ್ಲಿ ಜಾನ್ ಗರ್ಡನ್ ಮತ್ತು ಜೊತೆಯವರು ಮೊಲದ ಹಿಮೋಗ್ಲೋಬಿನ್ ಎಂಆರ್‌ಎನ್‌ಎಯನ್ನು ಕಪ್ಪೆಯ ಊಸೈಟ್‌ಗೆ ಚುಚ್ಚಿದರು. ಊಸೈಟ್ ಸುಮ್ಮನೆ ಮೊಲದ ಗ್ಲೋಬಿನ್ ತಯಾರಿಸಿಕೊಟ್ಟಿತು. ಯಾರ ಎಂಆರ್‌ಎನ್‌ಎ ಕೊಟ್ಟರೂ ಓದುವ ಕೋಶ ಎಂದು ಅಲ್ಲಿಂದ ಅದಕ್ಕೆ ಹೆಸರು ಬಂತು. ಓದಿಸಲು ಬರುವುದಾದರೆ, ಓದದಂತೆ ತಡೆಯಲೂ ಬರಬೇಕಲ್ವಾ?

1984ರ ಹೊತ್ತಿಗೆ ಡಿಎನ್‌ಎ ಓದಿ ಆರ್‌ಎನ್‌ಎ ಮಾಡುವ ಎಸ್‌ಪಿ6 ಪಾಲಿಮರೇಸ್ ಎಂಬ ಎನ್‌ಝೈಮ್ ಬಳಸಿ ಟ್ಯೂಬಿನಲ್ಲೇ ಬೇಕಾದಷ್ಟು ಆರ್‌ಎನ್‌ಎ ಮಾಡಿಕೊಳ್ಳುವುದು ಸಲೀಸಾಗಿತ್ತು. 1985ರಲ್ಲಿ ಡಗ್ಲಸ್ ಮೆಲ್ಟನ್ ಗ್ಲೋಬಿನ್ ಎಂಆರ್‌ಎನ್‌ಎಗೆ ತಿರುಗುಮುರುಗಾದ ಆರ್‌ಎನ್‌ಎ ಎಳೆಯನ್ನು ಊಸೈಟ್‌ನ ಕೋಶರಸಕ್ಕೆ ಚುಚ್ಚಿದರು. ಎರಡು ಎಳೆ ಒಂದಕ್ಕೊಂದು ಅಂಟಿಕೊಂಡವು, ಗ್ಲೋಬಿನ್ ತಯಾರಿ ನಿಂತಿತು, ಉಳಿದ ಪ್ರೋಟೀನ್‌ಗಳು ಎಂದಿನಂತೆ ಬರುತ್ತಿದ್ದವು. ಅದೇ ವರ್ಷ ರಿಚರ್ಡ್ ಹಾರ್ಲೆಂಡ್ ಮತ್ತು ಹೆರಾಲ್ಡ್ ವೈನ್‌ಟ್ರಾಬ್ ಕೂಡ ಬ್ಯಾಕ್ಟೀರಿಯಾದ ಒಂದು ಜೀನ್ ಇಟ್ಟುಕೊಂಡು ಇದೇ ಮಾತನ್ನು ತೋರಿಸಿಕೊಟ್ಟರು.

ಮೆಲ್ಟನ್ ಕಂಡದ್ದರಲ್ಲಿ ಇವತ್ತಿಗೂ ಉಪಯೋಗಕ್ಕೆ ಬರುವ ಸಂಗತಿ ಒಂದಿದೆ. ಎಂಆರ್‌ಎನ್‌ಎಯ ಮುಂದಿನ ತುದಿಯನ್ನು, ಅಂದರೆ ಪ್ರೋಟೀನ್ ಕಟ್ಟುವ ರೈಬೋಸೋಮ್ ಬಂದು ಹತ್ತಿಕೊಳ್ಳುವ ಜಾಗವನ್ನು ಮುಚ್ಚಿದರೆ ಸಾಕು. ಬರೀ ಹಿಂದಿನ ತುದಿಯನ್ನು ಮುಚ್ಚಿದರೆ ಪ್ರಯೋಜನವಿಲ್ಲ. ಬಸ್ ಹೊರಡುವ ಮುಂಚೆ ಚಕ್ರಕ್ಕೆ ಕಲ್ಲು ಇಡಬೇಕು. ಓಡುವ ಬಸ್ಸಿನ ಮುಂದೆ ಇಟ್ಟರೆ ಕಲ್ಲೇ ಹಾರಿಹೋಗುತ್ತದೆ. ಓಡುತ್ತಿರುವ ರೈಬೋಸೋಮ್‌ಗೂ ಎದುರಿಗೆ ಬಂದ ಜೋಡಿ ಎಳೆಯನ್ನು ಬಿಡಿಸಿಕೊಂಡು ಹೋಗುವ ಶಕ್ತಿ ಇದೆ.

ಇದರ ದೊಡ್ಡ ಲಾಭ ಖರ್ಚು. ಜೀನ್ ನಿಮ್ಮ ಬಳಿ ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರದಲ್ಲಿ ಇದೆ, ಒಂದು ಕಡೆ ಎಸ್‌ಪಿ6 ಇನ್ನೊಂದು ಕಡೆ ಟಿ7 ಪ್ರೊಮೋಟರ್, ಅಂದರೆ ಪಾಲಿಮರೇಸ್ ಓದಲು ಶುರು ಮಾಡುವ ಜಾಗ, ಇದೆ ಅನ್ನಿ. ಒಂದು ಕಡೆಯಿಂದ ಓದಿಸಿದರೆ ಎಂಆರ್‌ಎನ್‌ಎ, ಇನ್ನೊಂದು ಕಡೆಯಿಂದ ಓದಿಸಿದರೆ ಆಂಟಿಸೆನ್ಸ್. ಹೊರಗಿನಿಂದ ಏನೂ ತರಿಸಬೇಕಿಲ್ಲ. ಒಂದು ರಿಯಾಕ್ಷನ್‌ನಲ್ಲಿ 20 ಮೈಕ್ರೋಗ್ರಾಂ ಸಿಕ್ಕರೂ, ಊಸೈಟ್‌ಗೆ 20 ನ್ಯಾನೋಗ್ರಾಂನಂತೆ ಸಾವಿರ ಊಸೈಟ್‌ಗೆ ಆಗುತ್ತದೆ. ಅಷ್ಟು ಊಸೈಟ್‌ಗೆ ಚುಚ್ಚುವಷ್ಟರಲ್ಲಿ ನಿಮ್ಮ ಕತ್ತು ಕೈಕೊಟ್ಟಿರುತ್ತದೆ, ಅದು ಬೇರೆ ಮಾತು.

ಚುಚ್ಚುವ ಲೆಕ್ಕ ಹೀಗೆ. ಒಂದು ಊಸೈಟ್‌ನ ಒಟ್ಟು ಗಾತ್ರ 1 ಮೈಕ್ರೋಲೀಟರ್ ಆಸುಪಾಸು. ಅದಕ್ಕೆ 50 ನ್ಯಾನೋಲೀಟರ್‌ಗಿಂತ ಜಾಸ್ತಿ ತುಂಬಬೇಡಿ. ಗಾಜಿನ ಸೂಜಿಯ ತುದಿ 10ರಿಂದ 20 ಮೈಕ್ರೋಮೀಟರ್ ಇರಲಿ. ಚುಚ್ಚಿದಾಗ ಮೇಲ್ಮೈ ಮೊದಲು ತಗ್ಗುತ್ತದೆ, ಬಲೂನಿಗೆ ಬೆರಳು ಒತ್ತಿದ ಹಾಗೆ. ಆಮೇಲೆ ಟಕ್ ಅಂತ ಒಳಗೆ ಹೋಗುತ್ತದೆ. ಒಳಗೆ ಹೋಗಿಲ್ಲದೆ ಬಟನ್ ಒತ್ತಿದರೆ ದ್ರವವೆಲ್ಲ ಹೊರಗೇ ಹರಿದಿರುತ್ತದೆ, ನೀವು ಮಾತ್ರ ಚುಚ್ಚಿದೆ ಅಂದುಕೊಂಡಿರುತ್ತೀರಿ. ಕಂದು ಭಾಗದ ನಡುವಿಗೆ ಚುಚ್ಚಬೇಡಿ, ಅಲ್ಲಿ ನ್ಯೂಕ್ಲಿಯಸ್ ಇದೆ. ಬಿಳಿ ಪಟ್ಟಿಯ ಸ್ವಲ್ಪ ಕೆಳಗೆ ಸರಿಯಾದ ಜಾಗ. ಆಂಟಿಸೆನ್ಸ್ ಮೊದಲು, ಕೆಲವು ಗಂಟೆ ಬಿಟ್ಟು ಎಂಆರ್‌ಎನ್‌ಎ. ತಡೆಯುವ ಎಳೆ ಎಂಆರ್‌ಎನ್‌ಎಗಿಂತ ಹತ್ತಾರು ಪಟ್ಟು ಜಾಸ್ತಿ ಇರಬೇಕು. ಮತ್ತೆ, ಆಂಟಿಸೆನ್ಸ್ ಎಳೆಗೂ ಕ್ಯಾಪ್ ಹಾಕಿ, ಅಂದರೆ ಎಂಆರ್‌ಎನ್‌ಎಯ ಮುಂದಿನ ತುದಿಗೆ ಇರುವಂಥ ರಾಸಾಯನಿಕ ಟೋಪಿ. "ಅದನ್ನ ಓದೋದೇ ಇಲ್ವಲ್ಲ, ಕ್ಯಾಪ್ ಯಾಕೆ" ಅಂತ ಕೇಳುತ್ತಾರೆ. ಓದುವುದಕ್ಕಲ್ಲ, ಉಳಿಯುವುದಕ್ಕೆ. ಕ್ಯಾಪ್ ಇಲ್ಲದ ಆರ್‌ಎನ್‌ಎಯನ್ನು ಊಸೈಟ್ ಬೇಗ ಚೂರು ಮಾಡಿಬಿಡುತ್ತದೆ.

ಈಗ ಬಿಳಿ ಚುಕ್ಕೆಯ ವಿಷಯಕ್ಕೆ ಬರೋಣ. ಊಸೈಟ್‌ನಲ್ಲಿ ಇಷ್ಟು ಚೆನ್ನಾಗಿ ನಡೆದದ್ದನ್ನು ನೋಡಿ, ಫಲವಾದ ಮೊಟ್ಟೆಗೂ ಆಂಟಿಸೆನ್ಸ್ ಚುಚ್ಚಿ ಭ್ರೂಣದ ಜೀನ್‌ಗಳನ್ನು ಒಂದೊಂದಾಗಿ ಆರಿಸಬಹುದು ಎಂದು ಎಲ್ಲರೂ ಹುರುಪಿನಲ್ಲಿದ್ದರು. ಆಗಲಿಲ್ಲ. 1987ರಲ್ಲಿ ಎರಡು ಲ್ಯಾಬುಗಳು ಒಟ್ಟೊಟ್ಟಿಗೇ ಕಾರಣ ಹೇಳಿದವು: ಬ್ರೆಂಡಾ ಬಾಸ್ ಮತ್ತು ವೈನ್‌ಟ್ರಾಬ್ ಒಂದು ಕಡೆ, ರೆಬಾಗ್ಲಿಯಾಟಿ ಮತ್ತು ಮೆಲ್ಟನ್ ಇನ್ನೊಂದು ಕಡೆ. ಮೊಟ್ಟೆಯೊಳಗೆ ಜೋಡಿ ಎಳೆಯನ್ನು ಬಿಚ್ಚುವ ಏನೋ ಒಂದು ಇದೆ ಎಂದರು. ಮಾರನೆಯ ವರ್ಷ ಅದು ಬರೀ ಬಿಚ್ಚುವುದಲ್ಲ, ಎಳೆಯ ಅಕ್ಷರವನ್ನೇ ತಿದ್ದುತ್ತದೆ ಎಂದು ತಿಳಿಯಿತು. ಅಡಿನೋಸಿನ್ ಇದ್ದ ಕಡೆ ಇನೋಸಿನ್ ಆಗುತ್ತದೆ. ಇನೋಸಿನ್‌ಗೂ ಎದುರಿನ ಯೂರಿಡಿನ್‌ಗೂ ಹಿಡಿತ ಸಡಿಲ. ಅಂಥದ್ದು ಹತ್ತಾರು ಆದರೆ ಜೋಡಿ ಬಿಟ್ಟುಕೊಳ್ಳುತ್ತದೆ. ಈ ಎನ್‌ಝೈಮ್‌ಗೆ ಈಗಿನ ಹೆಸರು ಅಡಾರ್. ಮುಂದೆ ಇದೇ ನಮ್ಮ ಮಿದುಳಿನ ಗ್ಲುಟಮೇಟ್ ರಿಸೆಪ್ಟರ್‌ನ ಎಂಆರ್‌ಎನ್‌ಎ ತಿದ್ದುವುದೂ ಗೊತ್ತಾಯಿತು. ಕಪ್ಪೆ ಮೊಟ್ಟೆಯಲ್ಲಿ ಒಂದು ಪ್ರಯೋಗ ಕೈಕೊಟ್ಟದ್ದರಿಂದ ಸಿಕ್ಕ ವಸ್ತು.

ಊಸೈಟ್‌ನಲ್ಲಿ ಅಡಾರ್ ನ್ಯೂಕ್ಲಿಯಸ್ ಒಳಗೇ ಬೀಗ ಹಾಕಿಕೊಂಡು ಕೂತಿರುತ್ತದೆ. ಕೋಶರಸದಲ್ಲಿ ನಿಮ್ಮ ಆಂಟಿಸೆನ್ಸ್ ಸುರಕ್ಷಿತ. ಪ್ರೊಜೆಸ್ಟೆರಾನ್ ಹಾಕಿ ಬಿಳಿ ಚುಕ್ಕೆ ಬಂತೆಂದರೆ ಬೀಗ ಒಡೆದ ಹಾಗೆ. ಅದಕ್ಕೇ ಮೊದಲ ಪ್ರಶ್ನೆ ಊಸೈಟೋ ಮೊಟ್ಟೆಯೋ ಅಂತ.

ಇನ್ನೊಂದು ಮಿತಿಯೂ ಇದೆ. ನೀವೇ ಚುಚ್ಚಿದ ಎಂಆರ್‌ಎನ್‌ಎಯನ್ನು ತಡೆಯಲು ಆಂಟಿಸೆನ್ಸ್ ಆರ್‌ಎನ್‌ಎ ಚೆನ್ನ. ಊಸೈಟ್ ತನಗಾಗಿ ಕೂಡಿಟ್ಟುಕೊಂಡ ಎಂಆರ್‌ಎನ್‌ಎ ಆದರೆ ಅದು ಪ್ರೋಟೀನ್‌ಗಳಲ್ಲಿ ಸುತ್ತಿ ಮಡಿಸಿಟ್ಟ ಸರಕು. ಉದ್ದನೆಯ ಆಂಟಿಸೆನ್ಸ್ ಎಳೆ ಅಲ್ಲಿ ಕೈ ಹಾಕುವುದು ಕಷ್ಟ. ತಾಯಿ ಹೀಗೆ ಕೂಡಿಟ್ಟು ಕೊಟ್ಟ ಎಂಆರ್‌ಎನ್‌ಎಯೇ ನಿಮ್ಮ ಗುರಿಯಾದರೆ ನಾನು ಇದನ್ನು ಶಿಫಾರಸು ಮಾಡುವುದಿಲ್ಲ.

ನಾನು ಮೂರು ವಾರ ಕಳೆದುಕೊಂಡದ್ದು

ಶುರುವಿನಲ್ಲಿ ನಾನು ಆಂಟಿಸೆನ್ಸ್ ಆರ್‌ಎನ್‌ಎ ಚುಚ್ಚಿ, ಮಾರನೆಯ ದಿನ ಆರ್‌ಟಿ-ಪಿಸಿಆರ್ ಮಾಡಿದೆ, ಅಂದರೆ ಆರ್‌ಎನ್‌ಎಯನ್ನು ಡಿಎನ್‌ಎ ಮಾಡಿ, ಅದರ ಪ್ರತಿ ಹೆಚ್ಚಿಸಿ ನೋಡುವುದು. ಜೆಲ್ ಮೇಲೆ ನೋಡಿದರೆ ಎಂಆರ್‌ಎನ್‌ಎ ಕಡಿಮೆ ಆಗೋದಿರಲಿ, ಬ್ಯಾಂಡ್ ಬಲ್ಬಿನ ಥರ ಹೊಳೆಯುತ್ತಿದೆ! ಇನ್ನೂ ಜಾಸ್ತಿ ಚುಚ್ಚಿದೆ. ಬ್ಯಾಂಡ್ ಇನ್ನೂ ದಪ್ಪ. ಮೂರು ವಾರ ಪ್ರೈಮರ್ (ನಕಲು ಶುರು ಮಾಡಿಸುವ ಚಿಕ್ಕ ಡಿಎನ್‌ಎ ತುಂಡು) ಬದಲಿಸಿದೆ, ಕಪ್ಪೆ ಬದಲಿಸಿದೆ. ಕೊನೆಗೆ ಪಕ್ಕದ ಬೆಂಚಿನ ಅಕ್ಕ ಒಬ್ಬರು ಕಾಫಿ ಕುಡಿಯುತ್ತಾ ಕೇಳಿದರು, "ನೀನು ಚುಚ್ಚಿದ್ದೂ ಅದೇ ಸೀಕ್ವೆನ್ಸೇ ತಾನೇ? ಪಿಸಿಆರ್‌ಗೆ ಯಾವ ಎಳೆ ಅಂತ ಹೇಗೆ ಗೊತ್ತಾಗ್ಬೇಕು?"

ಅಷ್ಟೇ. ರ‍್ಯಾಂಡಮ್ ಪ್ರೈಮರ್ ಹಾಕಿ ಡಿಎನ್‌ಎ ಮಾಡಿದರೆ ಚುಚ್ಚಿದ ಆಂಟಿಸೆನ್ಸ್ ಕೂಡ ಡಿಎನ್‌ಎ ಆಗುತ್ತದೆ. ನಾನು ಅಳೆಯುತ್ತಿದ್ದದ್ದು ನಾನೇ ಹಾಕಿದ್ದನ್ನು. ಆಂಟಿಸೆನ್ಸ್ ಆರ್‌ಎನ್‌ಎ ಆರಿಸಿಕೊಂಡರೆ ಪ್ರೋಟೀನನ್ನೇ ಅಳೆಯಿರಿ: ವಿಕಿರಣ ಸೂಸುವ ಸಲ್ಫರ್-35 ಇರುವ ಮೆಥಿಯೊನಿನ್‌ನಲ್ಲಿ ಊಸೈಟ್ ನೆನೆಸಿ ಹೊಸ ಪ್ರೋಟೀನ್ ನೋಡಿ, ಇಲ್ಲ ಆಂಟಿಬಾಡಿಯಿಂದ ಪ್ರೋಟೀನ್ ಗುರುತಿಸುವ ವೆಸ್ಟರ್ನ್ ಬ್ಲಾಟ್ ಮಾಡಿ. ಕೆಲಸಕ್ಕೆ ಬರುವ ಆಂಟಿಬಾಡಿ ನಿಮ್ಮ ಬಳಿ ಇಲ್ಲದಿದ್ದರೆ ಆ ಒಂದೇ ಕಾರಣಕ್ಕೆ ಮುಂದಿನ ಆಯ್ಕೆ ಉತ್ತಮ.

ಡಿಎನ್‌ಎ ಆಲಿಗೊ: ಕತ್ತರಿ

ಇದು ಮುಚ್ಚುವ ವಿಧಾನ ಅಲ್ಲ, ಕತ್ತರಿಸುವ ವಿಧಾನ. 18ರಿಂದ 25 ಅಕ್ಷರದ ಚಿಕ್ಕ ಡಿಎನ್‌ಎ ತುಂಡು ಎಂಆರ್‌ಎನ್‌ಎಗೆ ಅಂಟಿಕೊಂಡರೆ, ಊಸೈಟ್‌ನಲ್ಲೇ ಇರುವ ಆರ್‌ಎನ್‌ಏಸ್-ಎಚ್ ಎಂಬ ಎನ್‌ಝೈಮ್ ಬಂದು ಆ ಜಾಗದಲ್ಲಿ ಆರ್‌ಎನ್‌ಎಯನ್ನು ತುಂಡು ಮಾಡುತ್ತದೆ. 1987, 88ರಲ್ಲಿ ಕಪ್ಪೆಯ ಊಸೈಟ್‌ನಲ್ಲಿ ಇದನ್ನು ಹಲವರು ತೋರಿಸಿದರು. ಮುಂದಿನ ತುದಿಗೇ ಗುರಿ ಇಡಬೇಕಿಲ್ಲ, ಎಲ್ಲಿ ಕತ್ತರಿಸಿದರೂ ಸರಿ. ಆದರೆ ಎಂಆರ್‌ಎನ್‌ಎ ಮಡಿಚಿಕೊಂಡಿರುವುದರಿಂದ ಎಲ್ಲ ಜಾಗವೂ ಕೈಗೆ ಸಿಗುವುದಿಲ್ಲ. ಆರೇಳು ಆಲಿಗೊ ಮಾಡಿಸಿ, ಒಂದೊಂದನ್ನೂ ಚುಚ್ಚಿ, ಯಾವುದು ಚೆನ್ನಾಗಿ ಕತ್ತರಿಸುತ್ತದೆ ನೋಡಿಕೊಳ್ಳಬೇಕು. ಆಲಿಗೊ ಅಗ್ಗ, ಹಾಗಾಗಿ ಇದೇನೂ ಹೊರೆಯಲ್ಲ. ಎಂಆರ್‌ಎನ್‌ಎ ನಿಜಕ್ಕೂ ಮಾಯವಾಗುವುದರಿಂದ ಆರ್‌ಟಿ-ಪಿಸಿಆರ್ ಸಾಕು. ಕತ್ತರಿ ಬಿದ್ದ ಜಾಗದ ಎರಡೂ ಬದಿಗೆ ಪ್ರೈಮರ್ ಇಟ್ಟರೆ ಆಯಿತು.

ಮಾಮೂಲಿ ಡಿಎನ್‌ಎ ಆಲಿಗೊ ಊಸೈಟ್ ಒಳಗೆ ಕೆಲವೇ ನಿಮಿಷ ಬಾಳುತ್ತದೆ. ಇದು ದೋಷ ಅನಿಸಬಹುದು, ನನಗೆ ವರ. ಊಸೈಟ್‌ನಲ್ಲಿ ಹೊಸ ಎಂಆರ್‌ಎನ್‌ಎ ತಯಾರಿ ನಿಧಾನ, ಹಾಗಾಗಿ ಕತ್ತರಿಸಿದ್ದು ಬೇಗ ವಾಪಸ್ ತುಂಬಿಕೊಳ್ಳುವುದಿಲ್ಲ. ಆಲಿಗೊ ಮಾಯವಾದ ಮೇಲೆ ಅದೇ ಜೀನ್‌ನ ಎಂಆರ್‌ಎನ್‌ಎಯನ್ನು ಹೊರಗಿನಿಂದ ಚುಚ್ಚಿ, ಹೋದ ಕೆಲಸ ವಾಪಸ್ ಬರುತ್ತದಾ ನೋಡಬಹುದು. ಆಂಟಿಸೆನ್ಸ್ ಪ್ರಯೋಗದಲ್ಲಿ ಇದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ಆಂಟಿಸೆನ್ಸ್ ಆರ್‌ಎನ್‌ಎ, ಮಾರ್ಫೋಲಿನೊ ಒಳಗೇ ಉಳಿದುಕೊಳ್ಳುವುದರಿಂದ, ಅಲ್ಲಿ ಸೀಕ್ವೆನ್ಸ್ ಬದಲಿಸಿದ ಎಂಆರ್‌ಎನ್‌ಎ ಮಾಡಿಕೊಳ್ಳಲೇಬೇಕು.

ಜಾಸ್ತಿ ಹೊತ್ತು ಬಾಳಲಿ ಎಂದು ಆಲಿಗೊದ ತುದಿಗಳನ್ನು ಫಾಸ್ಫೊರೊಥಯೊಯೇಟ್ ಮಾಡಿಸುತ್ತಾರೆ. ಆಕ್ಸಿಜನ್ ಇರುವ ಕಡೆ ಗಂಧಕ. ಎರಡು ತುದಿಗೆ ಕೆಲವು ಮಾತ್ರ ಸಾಕು. ಪೂರ್ತಿ ಎಳೆಗೆ ಮಾಡಿಸಿ ಕೈ ಬಿಗಿ ಹಿಡಿಯದೆ ಚುಚ್ಚಿದರೆ ಊಸೈಟ್‌ಗೆ ವಿಷ. ಬಣ್ಣ ಚದುರಿ, ಹಳೆ ಮೊಸಾಯಿಕ್ ನೆಲದ ಥರ ಮಚ್ಚೆ ಮಚ್ಚೆ ಆಗುತ್ತದೆ.

ನಿಜವಾದ ತಲೆನೋವು ಅಡ್ಡ ಕತ್ತರಿ. ಆರ್‌ಎನ್‌ಏಸ್-ಎಚ್‌ಗೆ 25 ಅಕ್ಷರವೂ ಹೊಂದಬೇಕು ಎಂಬ ಹಟವಿಲ್ಲ. ಹತ್ತಾರು ಅಕ್ಷರ ಹೊಂದಿದರೂ ಬೇರೆ ಎಂಆರ್‌ಎನ್‌ಎಗೆ ಕತ್ತರಿ ಹಾಕಬಹುದು. ಅದರ ಮೇಲೆ ಕಪ್ಪೆಯ ಊಸೈಟ್ ಇಡುವುದು 18 ಡಿಗ್ರಿಯಲ್ಲಿ. ನಮ್ಮ ಮೈಯ 37 ಡಿಗ್ರಿಯಲ್ಲಿ ಬಿಟ್ಟುಹೋಗುವ ಅರೆಬರೆ ಜೋಡಿಗಳು ಆ ತಂಪಿನಲ್ಲಿ ಗಟ್ಟಿಯಾಗಿ ಕೂತಿರುತ್ತವೆ. ಆಲಿಗೊ ಉದ್ದ ಮಾಡಿದರೆ ಗುರಿ ನಿಖರವಾಗುತ್ತದೆ ಅಂದುಕೊಳ್ಳುವುದು ಸಹಜ, ಇಲ್ಲಿ ಉಲ್ಟಾ. ಉದ್ದ ಆದಷ್ಟೂ ತಪ್ಪು ಜೋಡಿಗೆ ಅವಕಾಶ ಜಾಸ್ತಿ. ನಾನು 18ಕ್ಕೇ ನಿಲ್ಲಿಸುತ್ತೇನೆ.

ತಾಯಿಯ ಎಂಆರ್‌ಎನ್‌ಎ ತೆಗೆದು ಭ್ರೂಣದಲ್ಲಿ ಏನಾಗುತ್ತದೆ ಎಂದು ನೋಡಬೇಕಾದರೆ ಈ ದಾರಿಗೆ ಸಾಟಿ ಇಲ್ಲ. ಜಾನೆಟ್ ಹೀಸ್‌ಮನ್ ಮತ್ತು ಕ್ರಿಸ್ ವೈಲಿ ಲ್ಯಾಬಿನವರು ಬೀಟಾ-ಕಟೆನಿನ್, ವೆಜ್-ಟಿ ಜೀನ್‌ಗಳ ಎಂಆರ್‌ಎನ್‌ಎಯನ್ನು ಹೀಗೇ ತೆಗೆದು ನೋಡಿದ್ದು. ಊಸೈಟ್‌ಗೆ ಆಲಿಗೊ ಚುಚ್ಚಿ, ಒಂದೆರಡು ದಿನ ಇಟ್ಟು, ಪ್ರೊಜೆಸ್ಟೆರಾನ್‌ನಲ್ಲಿ ಮಾಗಿಸಿ, ಬೇರೆ ಬೇರೆ ಗುಂಪಿಗೆ ಬೇರೆ ಬೇರೆ ಬಣ್ಣ ಹಾಕುತ್ತಾರೆ: ನ್ಯೂಟ್ರಲ್ ರೆಡ್, ನೈಲ್ ಬ್ಲೂ, ಬಿಸ್ಮಾರ್ಕ್ ಬ್ರೌನ್. ಆಮೇಲೆ ಅವನ್ನೆಲ್ಲ ಮೊಟ್ಟೆ ಇಡುತ್ತಿರುವ ಇನ್ನೊಂದು ಹೆಣ್ಣು ಕಪ್ಪೆಯ ಹೊಟ್ಟೆಗೆ ಸೇರಿಸಿ ಹೊಲಿಯುತ್ತಾರೆ. ಆ ಕಪ್ಪೆ ತನ್ನ ಮೊಟ್ಟೆಯ ಜೊತೆಗೆ ಇವಕ್ಕೂ ಜೆಲ್ಲಿ ಹೊದಿಸಿ ಇಡುತ್ತದೆ. ತಟ್ಟೆಯಲ್ಲಿ ಕೆಂಪು, ನೀಲಿ, ಕಂದು ಮೊಟ್ಟೆಗಳು, ಹೋಳಿ ಆಡಿ ಬಂದ ಹಾಗೆ. ಬಣ್ಣ ನೋಡಿ ಯಾವ ಗುಂಪು ಅಂತ ಬೇರ್ಪಡಿಸಬಹುದು. ಒಂದು ಎಚ್ಚರ: ಇದಕ್ಕೆ ಊಸೈಟ್‌ಗಳನ್ನು ಕೊಲಾಜಿನೇಸ್‌ನಲ್ಲಿ ಬಿಡಿಸಬೇಡಿ, ಚಿಮಟದಲ್ಲಿ ಒಂದೊಂದಾಗಿ ಪೊರೆ ಬಿಡಿಸಬೇಕು. ಎನ್‌ಝೈಮ್‌ನಲ್ಲಿ ಬಿಡಿಸಿದವು ಆಮೇಲೆ ಸರಿಯಾಗಿ ಫಲವಾಗುವುದಿಲ್ಲ. ಅಮ್ಮ ಫೋನಲ್ಲಿ "ಇಡೀ ದಿನ ಏನ್ ಮಾಡ್ತೀಯಪ್ಪಾ" ಅಂದಾಗ "ರಾಗಿ ಸಿಪ್ಪೆ ಬಿಡಿಸ್ತಾ ಇದ್ದೀನಿ" ಅಂದಿದ್ದೆ. ಸುಳ್ಳೇನಲ್ಲ.

ಮಾರ್ಫೋಲಿನೊ: ದುಬಾರಿ ಮುಚ್ಚಳ

ಇದು ಡಿಎನ್‌ಎ ಥರದ ಕೃತಕ ಎಳೆ, ಸಾಮಾನ್ಯವಾಗಿ 25 ಅಕ್ಷರ. ಸಕ್ಕರೆಯ ಜಾಗದಲ್ಲಿ ಮಾರ್ಫೋಲಿನ್ ಉಂಗುರ, ಎಳೆಗೆ ವಿದ್ಯುತ್ ಆವೇಶವಿಲ್ಲ. ಕೋಶದ ಯಾವ ಎನ್‌ಝೈಮ್‌ಗೂ ಇದು ಏನೆಂದೇ ತಿಳಿಯುವುದಿಲ್ಲ, ಹಾಗಾಗಿ ಯಾರೂ ಕಡಿಯುವುದಿಲ್ಲ. ಆರ್‌ಎನ್‌ಏಸ್-ಎಚ್ ಕೂಡ ಬರುವುದಿಲ್ಲ. ಎಂಆರ್‌ಎನ್‌ಎ ಇದ್ದಂತೇ ಇರುತ್ತದೆ, ರೈಬೋಸೋಮ್ ಮಾತ್ರ ಹತ್ತಲಾಗುವುದಿಲ್ಲ. ಆದ್ದರಿಂದ ಮತ್ತೆ ಮುಂದಿನ ತುದಿಯೇ ಗುರಿ: ಪ್ರೋಟೀನ್ ಓದು ಶುರುವಾಗುವ ಎಯುಜಿ ಸುತ್ತಮುತ್ತ, ಇಲ್ಲ ಅದಕ್ಕಿಂತ ಮುಂಚಿನ ಭಾಗ. 2000ದಲ್ಲಿ ಹೀಸ್‌ಮನ್, ಕೋಫ್ರಾನ್, ವೈಲಿ ಜೆನೋಪಸ್ ಭ್ರೂಣದಲ್ಲಿ ಬೀಟಾ-ಕಟೆನಿನ್ ತಡೆದು ತೋರಿಸಿದ ಮೇಲೆ ಕಪ್ಪೆ ಲ್ಯಾಬುಗಳೆಲ್ಲ ಇದಕ್ಕೇ ಹೊರಳಿದವು. ಇದೇ ರಸಾಯನದ ಔಷಧಿಯೂ ಬಂದಿದೆ. ಡುಶೆನ್ ಸ್ನಾಯುಕ್ಷಯಕ್ಕೆ ಕೊಡುವ ಎಟೆಪ್ಲಿರ್ಸೆನ್‌ಗೆ ಅಮೆರಿಕದಲ್ಲಿ 2016ರಲ್ಲಿ ಒಪ್ಪಿಗೆ ಸಿಕ್ಕಿತು.

ಅಡಾರ್ ಇದನ್ನು ಮುಟ್ಟುವುದಿಲ್ಲ, ಮೊಟ್ಟೆಯಲ್ಲೂ ನಡೆಯುತ್ತದೆ, ಭ್ರೂಣದಲ್ಲಿ ದಿನಗಟ್ಟಲೆ ಬಾಳುತ್ತದೆ. ತೊಂದರೆ ಬೆಲೆ, ಮತ್ತು ಆರ್‌ಟಿ-ಪಿಸಿಆರ್‌ನಲ್ಲಿ ಏನೂ ಕಾಣದಿರುವುದು. ಆಂಟಿಬಾಡಿ ಇಲ್ಲದೆ ಮಾರ್ಫೋಲಿನೊ ತರಿಸಿದರೆ ಅದು ಕೆಲಸ ಮಾಡಿತೋ ಇಲ್ಲವೋ ಅಂತಲೇ ಗೊತ್ತಾಗುವುದಿಲ್ಲ. ಇದು ಪೂರ್ತಿ ಶುದ್ಧ ಅಂತಲೂ ಅಲ್ಲ. 2018ರಲ್ಲಿ ಜೆಂಟ್ಶ್ ಮತ್ತು ಸಂಗಡಿಗರು ಜೆನೋಪಸ್ ಭ್ರೂಣದಲ್ಲಿ ಮಾರ್ಫೋಲಿನೊಗಳಿಂದ ರೋಗನಿರೋಧಕ ಜೀನ್‌ಗಳು ಎಚ್ಚೆತ್ತುಕೊಳ್ಳುವುದನ್ನೂ, ಬೇರೆ ಜೀನ್‌ಗಳ ಸ್ಪ್ಲೈಸಿಂಗ್ (ಆರ್‌ಎನ್‌ಎಯ ಬೇಡದ ತುಂಡು ತೆಗೆದು ಜೋಡಿಸುವ ಕೆಲಸ) ಕೆಡುವುದನ್ನೂ ತೋರಿಸಿದರು. ಊಸೈಟ್‌ನಲ್ಲಷ್ಟೇ ಕೆಲಸ ಮಾಡುವವರಿಗೆ ಈ ಚಿಂತೆ ಕಡಿಮೆ.

ಒಂದೇ ಜೀನ್, ಎರಡು ಉಪಕರಣ, ಎರಡು ಉತ್ತರ

ಉಪಕರಣದ ಆಯ್ಕೆ ಬರೀ ಅನುಕೂಲದ ಪ್ರಶ್ನೆ ಅಲ್ಲ ಅನ್ನುವುದಕ್ಕೆ ಮಾಸ್ ಜೀನ್ ಕಥೆಗಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ.

ಪ್ರೊಜೆಸ್ಟೆರಾನ್ ಹಾಕಿದ ಮೇಲೆ ಊಸೈಟ್ ಮಾಸ್ ಎಂಬ ಪ್ರೋಟೀನನ್ನು ಹೊಸದಾಗಿ ತಯಾರಿಸುತ್ತದೆ. 1988ರಲ್ಲಿ ಸಗಾಟ ಮತ್ತು ಸಂಗಡಿಗರು ಮಾಸ್‌ಗೆ ಎದುರಾದ ಡಿಎನ್‌ಎ ಆಲಿಗೊ ಚುಚ್ಚಿದರು. ಪ್ರೊಜೆಸ್ಟೆರಾನ್ ಹಾಕಿದರೂ ಬಿಳಿ ಚುಕ್ಕೆ ಬರಲಿಲ್ಲ. ಮಾಗುವಿಕೆ ಶುರುವಾಗಬೇಕಾದರೆ ಮಾಸ್ ಬೇಕೇ ಬೇಕು ಎಂದು ತೀರ್ಮಾನವಾಯಿತು. ಹದಿನಾಲ್ಕು ವರ್ಷ ಅದೇ ಪಾಠ.

2002ರಲ್ಲಿ ಪ್ಯಾರಿಸ್‌ನ ದ್ಯುಪ್ರೆ, ಜೆಸ್ಯುಸ್, ಓಜೋನ್, ಹಕ್ಕಾರ್ ಅದೇ ಪ್ರಯೋಗವನ್ನು ಮಾರ್ಫೋಲಿನೊದಲ್ಲಿ ಮಾಡಿದರು. ಮಾಸ್ ತಯಾರಿ ನಿಂತಿತು. ಆದರೂ ಊಸೈಟ್ ಮಾಗತೊಡಗಿತು, ಮಿಯೋಸಿಸ್‌ನ, ಅಂದರೆ ಅಂಡಾಣುವಿನ ಕ್ರೋಮೋಸೋಮ್ ಅರ್ಧವಾಗುವ ವಿಭಜನೆಯ, ಮೊದಲ ಸುತ್ತೂ ಮುಗಿಯಿತು! ಕೆಟ್ಟದ್ದು ಆಮೇಲೆ. ಗಂಡಿನ ವೀರ್ಯಾಣುವಿಗಾಗಿ ಎರಡನೇ ಸುತ್ತಿನ ಮಧ್ಯದಲ್ಲಿ ನಿಂತು ಕಾಯಬೇಕಾದ ಮೊಟ್ಟೆ ನಿಲ್ಲಲೇ ಇಲ್ಲ. ಭ್ರೂಣದ ಹಾಗೆ ಡಿಎನ್‌ಎ ನಕಲು ಮಾಡುತ್ತಾ ಚಕ್ರ ಸುತ್ತತೊಡಗಿತು. ಅಂದರೆ ಮಾಸ್‌ನ ಕೆಲಸ ಹೊರಡಿಸುವುದಲ್ಲ, ಬ್ರೇಕ್ ಹಾಕುವುದು. 1994ರಲ್ಲಿ ಮಾಸ್ ಜೀನ್ ತೆಗೆದ ಇಲಿಗಳಲ್ಲೂ ಇದೇ ಕಂಡಿತ್ತು: ಊಸೈಟ್ ಮಾಗುತ್ತದೆ, ಆದರೆ ನಿಲ್ಲಬೇಕಾದ ಕಡೆ ನಿಲ್ಲುವುದಿಲ್ಲ.

ನನ್ನ ಅನುಮಾನ ಅಡ್ಡ ಕತ್ತರಿಯ ಮೇಲೆ. ಮಾಗುವಿಕೆ ಶುರುವಾಗಲು ಹೊಸ ಪ್ರೋಟೀನ್‌ಗಳು ಬೇಕು ಅನ್ನುವುದು ಮೊದಲೇ ಗೊತ್ತಿದ್ದ ವಿಷಯ, ಪ್ರೋಟೀನ್ ತಯಾರಿ ನಿಲ್ಲಿಸುವ ಸೈಕ್ಲೋಹೆಕ್ಸಿಮೈಡ್ ಹಾಕಿದರೆ ಬಿಳಿ ಚುಕ್ಕೆ ಬರುವುದಿಲ್ಲ. ಕತ್ತರಿ ಪಕ್ಕದ ಎಂಆರ್‌ಎನ್‌ಎಗೂ ಬಿದ್ದರೆ "ಏನೂ ಆಗಲಿಲ್ಲ" ಅನ್ನುವ ಫಲಿತಾಂಶ ಸುಲಭವಾಗಿ ಸಿಕ್ಕಿಬಿಡುತ್ತದೆ. "ಆಗಲಿಲ್ಲ" ಎಂಬ ಉತ್ತರವನ್ನು ನಾನು ಈಗ ಎರಡು ಬೇರೆ ಬೇರೆ ಉಪಕರಣದಲ್ಲಿ ನೋಡದೆ ನಂಬುವುದಿಲ್ಲ.

ಉಳಿದವು, ಬೇಗ ಬೇಗ

ಸೈಕ್ಲೋಹೆಕ್ಸಿಮೈಡ್: ಎಲ್ಲ ಪ್ರೋಟೀನ್ ತಯಾರಿಯನ್ನೂ ನಿಲ್ಲಿಸುತ್ತದೆ. ಹೊಸ ಪ್ರೋಟೀನ್ ಬೇಕೋ ಬೇಡವೋ ಎಂಬ ಒಂದೇ ಪ್ರಶ್ನೆಗೆ ಸಾಕು. ಮೊದಲ ದಿನ ಇದನ್ನೇ ಮಾಡಿ. ಬೇಡ ಅಂತ ಬಂದರೆ ಆಂಟಿಸೆನ್ಸ್ ಖರ್ಚೇ ಉಳಿಯಿತು.

ಆರ್‌ಎನ್‌ಎ ಇಂಟರ್ಫೆರೆನ್ಸ್: ಚಿಕ್ಕ ಜೋಡಿ ಎಳೆ ಆರ್‌ಎನ್‌ಎ ಕೊಟ್ಟು ಕೋಶದಿಂದಲೇ ಎಂಆರ್‌ಎನ್‌ಎ ಕತ್ತರಿಸುವುದು. ಉಳಿದ ಕಡೆ ರಾಜ, ಇಲ್ಲಿ ಕೆಲಸಕ್ಕೆ ಬಾರದು. 2011ರಲ್ಲಿ ಎಲ್ಸೆಬೆಟ್ ಲುಂಡ್, ಜೇಮ್ಸ್ ಡಾಲ್ಬರ್ಗ್ ಮತ್ತು ಜೊತೆಯವರು ಕಾರಣ ಕೊಟ್ಟರು: ಜೆನೋಪಸ್ ಊಸೈಟ್ ಮತ್ತು ಎಳೆ ಭ್ರೂಣದಲ್ಲಿ ಆರ್ಗೋನಾಟ್ ಪ್ರೋಟೀನ್ ತುಂಬಾ ಕಡಿಮೆ. ಕತ್ತರಿ ಹಿಡಿಯುವ ಕೈಯೇ ಇಲ್ಲ.

ಕ್ರಿಸ್ಪರ್: ಜೀನ್‌ನ ಡಿಎನ್‌ಎಯನ್ನೇ ತಿದ್ದುತ್ತದೆ, ಊಸೈಟ್‌ನಲ್ಲಿ ಆಗಲೇ ಕೂಡಿಟ್ಟ ಎಂಆರ್‌ಎನ್‌ಎಗೆ ಏನೂ ಮಾಡುವುದಿಲ್ಲ. ಜೀನ್ ಕೆಟ್ಟ ಹೆಣ್ಣು ಕಪ್ಪೆ ಬೆಳೆಸಿ ಅದರ ಮೊಟ್ಟೆ ತೆಗೆಯುವ ತಾಳ್ಮೆ ಇದ್ದರೆ ಸರಿ. ಲೇವಿಸ್‌ನಲ್ಲಿ ಅದು ವರ್ಷಗಳ ಮಾತು.

ಹಾಗಾದರೆ ನಿಮಗೆ ಯಾವುದು?

ಚುಚ್ಚಿದ ಎಂಆರ್‌ಎನ್‌ಎಯಿಂದ ಒಂದು ಅಯಾನ್ ಚಾನೆಲ್ (ಕೋಶದ ಪೊರೆಯಲ್ಲಿ ಅಯಾನ್‌ಗಳನ್ನು ಹಾಯಿಸಿ ಕರೆಂಟ್ ಕೊಡುವ ಪ್ರೋಟೀನ್ ಬಾಗಿಲು) ಮಾಡಿಸುತ್ತಿದ್ದೀರಿ, ಅದರ ಒಂದು ಘಟಕವನ್ನು ಬಿಟ್ಟು ನೋಡಬೇಕು: ಆಂಟಿಸೆನ್ಸ್ ಆರ್‌ಎನ್‌ಎ, ಇಲ್ಲ ಡಿಎನ್‌ಎ ಆಲಿಗೊ. ಪ್ಲಾಸ್ಮಿಡ್ ಕೈಯಲ್ಲಿದ್ದರೆ ಮೊದಲನೆಯದು, ನಾಳೆಯೇ ಶುರು ಮಾಡಬಹುದು. ಅಂಗಾಂಶದಿಂದ ತೆಗೆದ ಕಲಬೆರಕೆ ಎಂಆರ್‌ಎನ್‌ಎಯಲ್ಲಿ ಯಾವ ಜೀನ್ ಯಾವ ಕರೆಂಟ್ ಕೊಡುತ್ತಿದೆ ಎಂದು ಪತ್ತೆ ಮಾಡಬೇಕಾದರೆ ನನ್ನ ಮತ ಆಲಿಗೊಗೆ. ಅದನ್ನು ಎಂಆರ್‌ಎನ್‌ಎ ಜೊತೆಗೇ ಬೆರೆಸಿ ಚುಚ್ಚಬಹುದು.

ಊಸೈಟ್‌ನ ಸ್ವಂತ ಎಂಆರ್‌ಎನ್‌ಎ, ಪ್ರೊಜೆಸ್ಟೆರಾನ್ ಹಾಕಿದ ಮೇಲಷ್ಟೇ ಪ್ರೋಟೀನ್ ಆಗುವಂಥದ್ದು: ಮಾರ್ಫೋಲಿನೊ ಮೊದಲು, ಆಲಿಗೊ ಸಾಕ್ಷಿಗೆ. ಇಲ್ಲಿ ಆಂಟಿಸೆನ್ಸ್ ಆರ್‌ಎನ್‌ಎ ಬೇಡ. ಚುಕ್ಕೆ ಮೂಡಿದ ಕ್ಷಣಕ್ಕೆ ಅಡಾರ್ ಹೊರಗೆ ಬರುತ್ತದೆ, ನಿಮಗೆ ತಡೆ ಬೇಕಾದದ್ದೂ ಅದೇ ಹೊತ್ತಿಗೆ.

ಪ್ರೋಟೀನ್ ಆಗಲೇ ಊಸೈಟ್ ತುಂಬ ಇದೆ, ಉದಾಹರಣೆಗೆ ಕೋಶ ವಿಭಜನೆ ನಡೆಸುವ ಸಿಡಿಸಿ2: ಮೂರೂ ಬೇಡ. ನಲ್ಲಿ ನಿಲ್ಲಿಸಿದರೆ ಸಂಪಿನಲ್ಲಿರುವ ನೀರು ಖಾಲಿಯಾಗುತ್ತದಾ? ಬೇಗ ಕರಗುವ ಪ್ರೋಟೀನ್ ಆದರೆ ಆಲಿಗೊ ಚುಚ್ಚಿ ಎರಡು ಮೂರು ದಿನ 18 ಡಿಗ್ರಿಯಲ್ಲಿ ಕಾದು ನೋಡಬಹುದು. ಕರಗದೆ ಇದ್ದರೆ ತಡೆಯುವ ಆಂಟಿಬಾಡಿ ಇಲ್ಲ ಔಷಧಿ ಹುಡುಕಿ.

ಆರ್ಡರ್ ಮಾಡುವ ಮುಂಚೆ ಒಂದು ಕೆಲಸ. ಜೆನೋಪಸ್ ಲೇವಿಸ್ ಜೀನೋಮ್‌ನಲ್ಲಿ ಎಷ್ಟೋ ಜೀನ್‌ಗಳಿಗೆ ಎರಡೆರಡು ಪ್ರತಿ ಇವೆ. 2016ರಲ್ಲಿ ಪ್ರಕಟವಾದ ಜೀನೋಮ್‌ನಲ್ಲಿ ಅವಕ್ಕೆ ಎಲ್ ಮತ್ತು ಎಸ್ ಎಂಬ ಹೆಸರಿದೆ. ಉದ್ದನೆಯ ಆಂಟಿಸೆನ್ಸ್ ಆರ್‌ಎನ್‌ಎಗೆ ನಡುವೆ ನಾಲ್ಕಾರು ಅಕ್ಷರ ಹೊಂದದಿದ್ದರೂ ನಡೆಯುತ್ತದೆ. 25 ಅಕ್ಷರದ ಮಾರ್ಫೋಲಿನೊಗೆ ನಡೆಯುವುದಿಲ್ಲ. ಎಲ್ ಮುಚ್ಚಿ ಎಸ್ ಬಿಟ್ಟರೆ ಪ್ರೋಟೀನ್ ಬರುತ್ತಲೇ ಇರುತ್ತದೆ, ನೀವು ಚುಚ್ಚುತ್ತಲೇ ಇರುತ್ತೀರಿ. ಎರಡೂ ಸೀಕ್ವೆನ್ಸ್ ತೆಗೆದು, ಕಾಗದದ ಮೇಲೆ ಒಂದರ ಕೆಳಗೊಂದು ಬರೆದು, ಅಕ್ಷರ ಅಕ್ಷರ ಹೋಲಿಸಿ ನೋಡಿ. ಎರಡಕ್ಕೂ ಹೊಂದುವ ಜಾಗ ಮುಂದಿನ ತುದಿಯಲ್ಲಿ ಸಿಗದಿದ್ದರೆ ಎರಡು ಮಾರ್ಫೋಲಿನೊ ಬೇಕು, ಖರ್ಚೂ ಎರಡು ಪಟ್ಟು. ಅಲ್ಲಿಗೆ ಬಂದಾಗ ಹಲವರು ಆಲಿಗೊ ಕಡೆ ತಿರುಗುತ್ತಾರೆ. ಕತ್ತರಿಗೆ ಮುಂದಿನ ತುದಿಯೇ ಆಗಬೇಕೆಂದಿಲ್ಲವಲ್ಲ. ಎಂಆರ್‌ಎನ್‌ಎ ಉದ್ದಕ್ಕೂ ಎಲ್ಲಾದರೂ ಎರಡಕ್ಕೂ ಒಂದೇ ಆಗಿರುವ 18 ಅಕ್ಷರ ಸಿಕ್ಕರೆ ಸಾಕು.